ಮಾತ್ರೆಗೂ ಪ್ರಾರ್ಥನೆಗೂ ಗಂಟು ಹಾಕಬೇಡಿ

ಪ್ರಶ್ನೆ: ನನಗೆ 23 ವರ್ಷ. ಊರು ಹಾಸನ. ಬಿ.ಕಾಂ. ಮುಗಿಸಿ, ನಮ್ಮ ಚರ್ಚಿನ ಸಭೆಯ ಕಡೆಯಿಂದ ಎರಡು ವರ್ಷದ ಸೇವೆಗೆ ಅಂತ ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಬಂದಿದ್ದೇನೆ. ಜೊತೆಗೆ ಇನ್ನೊಬ್ಬ ಹುಡುಗ ಇದ್ದಾನೆ. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ, ಸತ್ಯವೇದ ಓದು, ಅಡುಗೆ. ಆಮೇಲೆ ತೋಟದ ಕೆಲಸಗಾರರು ಇರುವ ಲೈನ್ ಮನೆಗಳಿಗೆ ಹೋಗುತ್ತೇವೆ. ಹುಷಾರಿಲ್ಲದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ, ಅರ್ಜಿ ಬರೆದುಕೊಡುತ್ತೇವೆ, ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇವೆ. ಒಬ್ಬ ಅಜ್ಜಿಗೆ ಬಿಪಿ ಮಾತ್ರೆ ನಾನೇ ತಂದುಕೊಡುತ್ತೇನೆ. ಮೊನ್ನೆ ಅವರು, “ನಿಮ್ ಪ್ರಾರ್ಥನೆಗೆ ಬರ್ತೀನಿ ಕಣಪ್ಪ, ಮಾತ್ರೆ ಮಾತ್ರ ನಿಲ್ಲಿಸ್ಬೇಡ” ಅಂದರು. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಪ್ರತಿ ಶನಿವಾರ ಪಾಸ್ಟರ್‌ಗೆ ವರದಿ ಕೊಡಬೇಕು: ಎಷ್ಟು ಮನೆಗೆ ಹೋದಿರಿ, ಪ್ರಾರ್ಥನೆಗೆ ಎಷ್ಟು ಜನ ಬಂದರು ಅಂತ. ಎರಡು ಸಲ, ಪಾಠಕ್ಕೆ ಬಂದ ಮಕ್ಕಳನ್ನೂ ಆ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಮನೆಯಲ್ಲಿ ಅಮ್ಮ ಒಬ್ಬರೇ. “ಅದನ್ನೆಲ್ಲ ಬಿಟ್ಟು ಬಂದು ಕೆಲಸ ಹುಡುಕು” ಅನ್ನುತ್ತಾರೆ. ಬಿಟ್ಟು ಹೋಗಲೇ?
– ಹೆಸರು ಬೇಡ, ಹಾಸನ

ಉತ್ತರ: ಹೋಗಲೇ ಇರಲೇ ಅನ್ನುವುದನ್ನು ಆಮೇಲೆ ನೋಡೋಣ. ನಿಮ್ಮ ನಿದ್ದೆ ಕೆಡಿಸಿದ್ದು ಅಜ್ಜಿಯ ಮಾತು. ಮೊದಲು ಅದಕ್ಕೆ ಉತ್ತರ ಬೇಕು.

ಆ ಅಜ್ಜಿ ನಿಮ್ಮ ಮೇಲೆ ಅನುಮಾನ ಪಟ್ಟಿಲ್ಲ. ಬದುಕಿನಲ್ಲಿ ಕಂಡದ್ದನ್ನು ಹೇಳಿದ್ದಾರೆ ಅಷ್ಟೆ. ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮುಂಗಡ ತೆಗೆದುಕೊಂಡರೆ ದುಡಿದು ತೀರಿಸಬೇಕು. ಓಟಿನ ಹೊತ್ತಿಗೆ ಸೀರೆ ಕೊಟ್ಟವರು ಓಟು ಕೇಳುತ್ತಾರೆ. ಯಾರೂ ಸುಮ್ನೆ ಏನನ್ನೂ ಕೊಡುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ನೀವು ಏನನ್ನೂ ಕೇಳಲಿಲ್ಲ, ಆದರೂ ಅವರೇ ಮಾತ್ರೆಗೆ ಒಂದು ಬೆಲೆ ಕಟ್ಟಿ, ಅದನ್ನು ಕೊಡಲು ತಯಾರಾದರು. ಇದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಅವರ ಮನಸ್ಸಿನಿಂದ ಅದನ್ನು ತೆಗೆಯುವ ಕೆಲಸ ನಿಮ್ಮದೇ, ಅಲ್ವಾ?

ಅದಕ್ಕೆ ಸುಮ್ಮನಿದ್ದರೆ ಆಗುವುದಿಲ್ಲ. ಬಾಯಿಬಿಟ್ಟು ಹೇಳಬೇಕು. “ಅಜ್ಜಿ, ಮಾತ್ರೆ ಬೇರೆ, ಪ್ರಾರ್ಥನೆ ಬೇರೆ. ನೀವು ಬಂದ್ರೂ ತರ್ತೀನಿ, ಬರ್ದಿದ್ರೂ ತರ್ತೀನಿ.” ಒಂದು ಸಲ ಹೇಳಿದರೆ ಅವರು ನಂಬಲಿಕ್ಕಿಲ್ಲ. ಪಕ್ಕದ ಮನೆಯವರ ಎದುರಿಗೂ ಹೇಳಿ. ಮುಂದಿನ ಕೆಲವು ವಾರ ಅವರನ್ನು ಪ್ರಾರ್ಥನೆಗೆ ಕರೆಯಲೇಬೇಡಿ. ಮಾತ್ರೆ ಕೊಡಲು ಹೋದಾಗ ಕೈಯಲ್ಲಿ ಸತ್ಯವೇದ ಇರುವುದೂ ಬೇಡ. ನಿಮಗೆ ಇದು ಕಷ್ಟ ಅನ್ನಿಸಬಹುದು. ಆದರೆ ಪ್ರಾರ್ಥನೆಗೆ ಬಾರದೆಯೂ ಮಾತ್ರೆ ಬಂತು ಅಂತ ಅವರು ಕಣ್ಣಾರೆ ಕಂಡ ಮೇಲೆ ಮಾತ್ರ ನಿಮ್ಮ ಮಾತು ನಿಜ ಅಂತ ಅವರಿಗೆ ಗೊತ್ತಾಗುವುದು.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಬಿಪಿ ಮಾತ್ರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಿ. ಆಶಾ ಕಾರ್ಯಕರ್ತೆಗೆ ಅವರ ಮನೆ ತೋರಿಸಿ. ತೋಟದ ರೈಟರ್‌ಗೂ ಒಂದು ಮಾತು ಹೇಳಿ. ದೊಡ್ಡ ತೋಟಗಳು ತಮ್ಮ ಕೆಲಸಗಾರರ ಔಷಧೋಪಚಾರ ನೋಡಿಕೊಳ್ಳಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಎರಡು ವರ್ಷ ಮುಗಿಸಿ ನೀವು ಹೊರಟ ಮೇಲೂ ಆ ಅಜ್ಜಿಗೆ ಬಿಪಿ ಇರುತ್ತದೆ. ನಿಮ್ಮನ್ನು ನಂಬಿಕೊಳ್ಳದೆಯೇ ಅವರಿಗೆ ಮಾತ್ರೆ ಸಿಗುವಂತೆ ಮಾಡಿದರೆ, ಅದು ನೀವು ಅವರಿಗೆ ಮಾಡಬಹುದಾದ ದೊಡ್ಡ ಸಹಾಯ.

ನಾನು ಕ್ರೈಸ್ತಳಲ್ಲ. ಆದರೆ ಸುವಾರ್ತೆಗಳನ್ನು ಪ್ರೀತಿಯಿಂದ ಓದಿದ್ದೇನೆ. ಮತ್ತಾಯನ ಹತ್ತನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಕಳಿಸುವಾಗ, ರೋಗಿಗಳನ್ನು ಗುಣಪಡಿಸಿ ಅನ್ನುತ್ತಾನೆ. ನಿಮಗೆ ಬಿಟ್ಟಿಯಾಗಿ ಸಿಕ್ಕಿದ್ದನ್ನು ಬಿಟ್ಟಿಯಾಗಿಯೇ ಕೊಡಿ ಅಂತಲೂ ಹೇಳುತ್ತಾನೆ. ಲೂಕನಲ್ಲಿ ಹತ್ತು ಕುಷ್ಠರೋಗಿಗಳ ಕಥೆ ಬರುತ್ತದೆ. ಹತ್ತೂ ಜನ ಗುಣವಾದರು, ತಿರುಗಿ ಬಂದು ಕೃತಜ್ಞತೆ ಹೇಳಿದ್ದು ಒಬ್ಬನೇ. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ, ನಿಜ. ಆದರೆ ಅವರಿಗೆ ಕೊಟ್ಟ ಆರೋಗ್ಯವನ್ನು ವಾಪಸ್ ಪಡೆಯಲಿಲ್ಲ. ನಿಮ್ಮ ಅಜ್ಜಿ ಆ ಒಂಬತ್ತು ಜನರಲ್ಲಿ ಒಬ್ಬರಾದರೂ ಅವರಿಗೆ ಮಾತ್ರೆ ಸಿಗಬೇಕು.

ಈಗ ಮಕ್ಕಳ ವಿಷಯ. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪಾಠಕ್ಕೆ ಬಂದ ಮಕ್ಕಳನ್ನು ಪ್ರಾರ್ಥನೆಯ ಲೆಕ್ಕಕ್ಕೆ ಸೇರಿಸಿದ್ದು ತಪ್ಪು. ಆ ಅಪ್ಪ ಅಮ್ಮ ಇಡೀ ದಿನ ಕಾಫಿ ಹಣ್ಣು ಕುಯ್ದು ಬಂದು, ಮಗ್ಗಿ ಕಲಿಯಲಿ, ಕನ್ನಡ ಓದಲಿ ಅಂತ ಮಕ್ಕಳನ್ನು ನಿಮ್ಮ ಹತ್ತಿರ ಕಳಿಸಿದ್ದಾರೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳೂ ಈಗ ಲೈನುಗಳಲ್ಲಿ ಇವೆ. ಅವರಿಗೆ ಇಲ್ಲಿ ನಂಬಲು ಸಿಗುವವರೇ ಕಡಿಮೆ. ಆ ನಂಬಿಕೆಯನ್ನು ನೀವು ವರದಿಗೆ ಬಳಸಿಕೊಂಡಿರಿ. ಬರುವ ಶನಿವಾರವೇ ಪಾಸ್ಟರ್‌ಗೆ ಹೇಳಿ ಅಂಕಿ ಸರಿಮಾಡಿಸಿ. ಪಾಠದ ಜೊತೆಗೆ ಪ್ರಾರ್ಥನೆ ಮಾಡಿಸುತ್ತಿದ್ದರೆ ನಿಲ್ಲಿಸಿ. ಪ್ರಾರ್ಥನೆ ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ ಇರಲಿ. ತಂದೆ ತಾಯಿ ತಿಳಿದು ಒಪ್ಪಿದರೆ ಮಾತ್ರ ಮಕ್ಕಳು ಅಲ್ಲಿಗೆ ಬರಲಿ.

ಕಾನೂನೂ ಗೊತ್ತಿರಲಿ. ನಂಬಿದ್ದನ್ನು ಆಚರಿಸಲು, ಪ್ರಚಾರ ಮಾಡಲು ಸಂವಿಧಾನದ 25ನೇ ವಿಧಿ ಹಕ್ಕು ಕೊಟ್ಟಿದೆ. ಅದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ರಾಜ್ಯದ 2022ರ ಕಾಯ್ದೆ, ಆಮಿಷ ಒಡ್ಡಿ ಮತಾಂತರಿಸುವುದನ್ನು ಅಪರಾಧ ಮಾಡಿತು. ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವೆಲ್ಲ ಅದರ ಪ್ರಕಾರ ಆಮಿಷವೇ. 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡಲು ಸಂಪುಟ ತೀರ್ಮಾನಿಸಿತು. ನೀವಿಬ್ಬರೂ ಒಬ್ಬ ವಕೀಲರ ಹತ್ತಿರ ಕೂತು ಇದನ್ನೆಲ್ಲ ಸರಿಯಾಗಿ ತಿಳಿದುಕೊಳ್ಳಿ. ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸವೂ ಹೊರಗಿನವರಿಗೆ ಬೇರೆ ಥರ ಕಾಣಬಹುದು. ಊರಿನಲ್ಲಿ ಮಾತು ಎದ್ದರೆ ಮೊದಲು ತೊಂದರೆಯಾಗುವುದು ಲೈನಿನ ಜನಕ್ಕೆ.

ಪಾಸ್ಟರ್ ಹತ್ತಿರ ಹೋದಾಗ ಅಂಕಿಯ ಬಗ್ಗೆಯೂ ಮಾತಾಡಿ. ಜಗಳ ಬೇಡ. ಅವರ ಮೇಲೂ ಯಾರೋ ಲೆಕ್ಕ ಕೇಳುವವರು ಇರುತ್ತಾರೆ. “ಸರ್, ಈ ವಾರ ಇಬ್ಬರನ್ನು ಆಸ್ಪತ್ರೆಗೆ ಸೇರಿಸಿದೆವು, ಒಬ್ಬ ಹುಡುಗ ಓದಲು ಕಲಿತ. ಇದನ್ನು ಎಲ್ಲಿ ಬರೆಯಲಿ?” ಅಂತ ಕೇಳಿ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ 21ರ ಹುಡುಗ, ನಿಮಗಿಂತ ಚಿಕ್ಕವರು. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅವರು ಎಷ್ಟು ಜನರನ್ನು ಸಭೆಗೆ ಸೇರಿಸಿದರು ಅಂತ ಇವತ್ತು ಯಾರೂ ಕೇಳುವುದಿಲ್ಲ, ಆ ನಿಘಂಟನ್ನು ಮಾತ್ರ ಈಗಲೂ ತೆಗೆದು ನೋಡುತ್ತೇವೆ. ಹಾಸನದವರಾದ ನಿಮಗೆ ರೆಡ್‌ಫರ್ನ್ ಆಸ್ಪತ್ರೆ ಗೊತ್ತೇ ಇರುತ್ತದೆ. ಮಿಷನರಿಗಳು ಕಟ್ಟಿದ ಆ ಆಸ್ಪತ್ರೆಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳ ಮಕ್ಕಳೂ ಹುಟ್ಟಿದ್ದಾರೆ.

ನಿಮ್ಮ ನಂಬಿಕೆಯನ್ನು ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಯಾಕಪ್ಪ ಇಷ್ಟೆಲ್ಲ ಮಾಡ್ತೀಯ ಅಂತ ಅಜ್ಜಿ ಕೇಳಿದರೆ ಮನಸ್ಸು ಬಿಚ್ಚಿ ಹೇಳಿ. ಆದರೆ ಅವರು ಕೇಳಲಿ.

ಪಾಸ್ಟರ್ ಒಪ್ಪದೆ, ಅಂಕಿ ಹೇಗಾದರೂ ಬರಲೇಬೇಕು ಅಂದರೆ ಆ ತಂಡವನ್ನು ಬಿಡಿ. ಅವರು ನಿಮ್ಮ ಮಾತು ಕೇಳಿಸಿಕೊಂಡರೆ ಎರಡು ವರ್ಷ ಮುಗಿಸಿಯೇ ಬನ್ನಿ. ಕೆಲಸ ಆಮೇಲೂ ಹುಡುಕಬಹುದು. ಅಮ್ಮನಿಗೆ ದಿನಾ ಫೋನ್ ಮಾಡಿ. ಸೇವೆಯ ಬಗ್ಗೆ ಜಾಸ್ತಿ ವಿವರಿಸಲು ಹೋಗಬೇಡಿ, ಏನು ತಿಂದೆ ಅಂತ ಹೇಳಿ. ಒಬ್ಬರೇ ಇರುವ ಅಮ್ಮನಿಗೆ ನಿಮ್ಮ ಕೆಲಸಕ್ಕಿಂತ ನಿಮ್ಮ ಊಟದ ಚಿಂತೆ ಹೆಚ್ಚು. ಒಂದು ಭಾನುವಾರ ಅವರನ್ನೇ ಕರೆಸಿಕೊಳ್ಳಿ. ಹಾಸನದಿಂದ ಬೇಲೂರು ಮೇಲೆ ಬಸ್ಸಿದೆ. ಲೈನಿಗೆ ಕರೆದುಕೊಂಡು ಹೋಗಿ, ಆ ಅಜ್ಜಿಯ ಹತ್ತಿರ ಕೂರಿಸಿ ನೀವು ಪಾಠಕ್ಕೆ ಹೋಗಿ. ಅವರಿಬ್ಬರೇ ಮಾತಾಡಿಕೊಳ್ಳಲಿ. ಆಮೇಲೂ ಅಮ್ಮ ಬಾ ಅಂದರೆ, ನನಗೆ ಇನ್ನೊಂದು ಪತ್ರ ಬರೆಯಿರಿ.