ಇವಾನನ ಗಡ್ಡ ಎಷ್ಟು ಉದ್ದವಿರಬೇಕು?

ಪ್ರಶ್ನೆ: 16ನೆಯ ಶತಮಾನದ ರಷ್ಯಾದ ದೊರೆ ಇವಾನನ ಮೇಲೆ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಮಾಡಿದ ‘ಇವಾನ್ ದಿ ಟೆರಿಬಲ್’ ಚಿತ್ರದ ಎರಡೂ ಭಾಗಗಳನ್ನು ನೋಡಿದೆ. ದೊರೆಗೆ ಹುಚ್ಚು ಹಿಡಿಯುವುದು ಯಾವ ದೃಶ್ಯದಲ್ಲಿ? ನನಗೆ ತಿಳಿಯಲೇ ಇಲ್ಲ.
— ಕಾಲೇಜು ವಿದ್ಯಾರ್ಥಿನಿ, ಸಾಗರ

ತಿಳಿಯದಿದ್ದದ್ದು ನಿಮ್ಮ ತಪ್ಪಲ್ಲ, ತಂಗಿ. ಆ ದೃಶ್ಯವನ್ನು ಹುಡುಕಿಕೊಂಡು ನಾನು ನಾಲ್ಕು ಸಲ ನೋಡಿದ್ದೇನೆ, ಸಿಕ್ಕಿಲ್ಲ. ಸಿಕ್ಕಿದ್ದು ಬೇರೆ ಎರಡು.

ಎರಡನೆಯ ಭಾಗದಲ್ಲಿ ಬೋಯಾರರ, ಅಂದರೆ ಅಲ್ಲಿನ ದೊಡ್ಡ ಜಮೀನ್ದಾರರ, ತಲೆ ಕಡಿಸಲಾಗುತ್ತದೆ. ಇವಾನ ಬಂದು ಹೆಣಗಳ ಮುಂದೆ ಟೋಪಿ ತೆಗೆಯುತ್ತಾನೆ, ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ಪಶ್ಚಾತ್ತಾಪವೇನೋ ಎಂದುಕೊಳ್ಳುವಷ್ಟರಲ್ಲಿ ಒಂದೇ ಮಾತು: ‘ಸಾಲದು!’ ಮದುವೆ ಮನೆಯಲ್ಲಿ ಎಲೆ ನೋಡಿ ಬಡಿಸುವವನಿಗೆ ಹೇಳುವಂತೆ.

ಇನ್ನೊಂದು ಚರ್ಚಿನ ದೃಶ್ಯ. ಮೂವರು ಬಾಲಕರನ್ನು ಉರಿಯುವ ಕುಲುಮೆಗೆ ತಳ್ಳಿಸಿದ ಕ್ರೂರ ಅರಸನ ಕಥೆಯನ್ನು ಇವಾನನ ಎದುರಿಗೇ ಆಡಿ ತೋರಿಸುತ್ತಾರೆ. ನೋಡುತ್ತಿದ್ದ ಒಂದು ಮಗು ಇವಾನನತ್ತ ಬೆರಳು ಮಾಡಿ, ಆ ಕೆಟ್ಟ ರಾಜ ಇವನೇನಾ ಎಂದು ನಗುತ್ತದೆ. ಆಗ ಇವಾನ ಹೇಳುವುದರ ಸಾರಾಂಶ ಇಷ್ಟು: ನೀವು ನನ್ನನ್ನು ಏನೆಂದು ಕರೆಯುತ್ತೀರೋ ಇನ್ನು ಅದೇ ಆಗುತ್ತೇನೆ, ಭಯಂಕರ. ಹುಚ್ಚನ ಮಾತೇ ಇದು? ಕೆಲಸಕ್ಕೆ ಸೇರುವವನು ಆದೇಶಪತ್ರಕ್ಕೆ ಸಹಿ ಹಾಕಿದ ಹಾಗಿದೆ. ‘ಹುಚ್ಚು’ ಎಂದುಬಿಟ್ಟರೆ ಅವನಿಗೆ ರಿಯಾಯಿತಿ ಕೊಟ್ಟಂತಾಗುತ್ತದೆ, ನಾನು ಕೊಡಲಾರೆ.

ಬದಲಾಗುವುದು ದೇಹ. ಪಟ್ಟಾಭಿಷೇಕದಲ್ಲಿ ಕಂಬದಂತೆ ನಿಂತ ಇವಾನನ ಪಾತ್ರಧಾರಿ ಚೆರ್ಕಾಸೊವ್, ಕೊನೆಕೊನೆಗೆ ಕತ್ತು ಮುಂದೆ ಚಾಚಿದ ಹದ್ದಾಗುತ್ತಾನೆ. ಅರಮನೆಯ ಬಾಗಿಲುಗಳನ್ನು ಗಮನಿಸಿ. ಎಲ್ಲವೂ ಗಿಡ್ಡ. ಬಗ್ಗದೆ ಯಾರೂ ಒಳಗೆ ಬರುವಂತಿಲ್ಲ.

ಪ್ರಶ್ನೆ: ಈ ಚಿತ್ರ ಸ್ಟಾಲಿನ್‌ಗೆ ಇಷ್ಟವಾಗಿತ್ತೇ, ಇಲ್ಲವೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ನಿವೃತ್ತ ಶಿಕ್ಷಕರು, ಧಾರವಾಡ

ಎರಡೂ ನಿಜ, ಮೇಷ್ಟ್ರೇ. ಮೊದಲ ಭಾಗಕ್ಕೆ 1946ರಲ್ಲಿ ಸ್ಟಾಲಿನ್ ಪ್ರಶಸ್ತಿಯೇ ಬಂತು. ಅದರ ಸಂತೋಷಕೂಟದ ರಾತ್ರಿಯೇ ಐಸೆನ್‌ಸ್ಟೈನ್ ಹೃದಯಾಘಾತದಿಂದ ಕುಸಿದರು. ಎರಡನೆಯ ಭಾಗದ ಸಂಕಲನ ಆಗಷ್ಟೇ ಮುಗಿದಿತ್ತು. ಆ ಭಾಗವನ್ನು ನಿಷೇಧಿಸಿದರು.

1947ರ ಫೆಬ್ರವರಿಯಲ್ಲಿ ನಿರ್ದೇಶಕ, ನಟ ಇಬ್ಬರನ್ನೂ ರಾತ್ರಿ ಹೊತ್ತು ಕ್ರೆಮ್ಲಿನ್‌ಗೆ ಕರೆಸಲಾಯಿತು. ಸ್ಟಾಲಿನ್, ಅವರ ಆಪ್ತ ನಾಯಕರಾದ ಮೊಲೊಟೊವ್, ಝ್ದಾನೊವ್ ಕುಳಿತಿದ್ದರು. ನಡೆದ ಮಾತುಕತೆ ಬರಹದಲ್ಲಿ ಉಳಿದಿದೆ. ಆ ಮೂವರ ದೂರುಗಳು ಇವು: ನಿಮ್ಮ ಇವಾನ ಹ್ಯಾಮ್ಲೆಟ್‌ನಂತೆ ತಡಬಡಿಸುತ್ತಾನೆ, ಅವನ ಖಾಸಗಿ ಪಡೆ ಒಪ್ರಿಚ್ನಿಕರು ಅಮೆರಿಕದ ಮುಸುಕುಧಾರಿ ಜನಾಂಗದ್ವೇಷಿ ಗುಂಪು ಕು ಕ್ಲಕ್ಸ್ ಕ್ಲಾನ್‌ನವರ ಹಾಗೆ ಕಾಣುತ್ತಾರೆ, ಹೆಂಡತಿಗೆ ಕೊಡುವ ಮುತ್ತು ಉದ್ದವಾಯಿತು, ಗಡ್ಡವೂ ಉದ್ದವಾಯಿತು. ಗಡ್ಡವನ್ನು ಗಿಡ್ಡ ಮಾಡುತ್ತೇನೆಂದು ಐಸೆನ್‌ಸ್ಟೈನ್ ಒಪ್ಪಿಕೊಂಡರು. ಜಗತ್ತಿಗೆ ಸಂಕಲನ ಕಲೆಯನ್ನು ಕಲಿಸಿದ ಮನುಷ್ಯ ಅಲ್ಲಿ ಕುಳಿತು ಗಡ್ಡದ ಅಳತೆ ಬರೆದುಕೊಳ್ಳುತ್ತಿದ್ದಾನೆ! ಇವಾನ ಕ್ರೂರಿಯಾಗಿದ್ದನೆಂದು ಸ್ಟಾಲಿನ್ ಕೂಡ ಒಪ್ಪಿದರು. ಆ ಕ್ರೌರ್ಯ ಏಕೆ ಬೇಕಿತ್ತೆಂದು ತೋರಿಸಬೇಕಿತ್ತು, ಅಷ್ಟೇ ಅವರ ತಕರಾರು. ಕೆಲವು ದೊಡ್ಡ ಮನೆತನಗಳನ್ನು ಮುಗಿಸದೆ ಬಿಟ್ಟದ್ದೇ ಇವಾನ ಮಾಡಿದ ತಪ್ಪಂತೆ. ‘ಸಾಲದು’ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮರುವರ್ಷ ಫೆಬ್ರವರಿಯಲ್ಲಿ, 50ನೆಯ ವಯಸ್ಸಿಗೇ, ಐಸೆನ್‌ಸ್ಟೈನ್ ತೀರಿಕೊಂಡರು. ಗಡ್ಡ ಹಾಗೆಯೇ ಉಳಿಯಿತು. ಚಿತ್ರ ಬಿಡುಗಡೆಯಾದದ್ದು 1958ರಲ್ಲಿ, ಸ್ಟಾಲಿನ್ ಸತ್ತು ಐದು ವರ್ಷಗಳ ಮೇಲೆ.

ಪ್ರಶ್ನೆ: ಇವಾನ ಮಗನನ್ನು ಕೊಲ್ಲುವ ದೃಶ್ಯ ನಾನು ನೋಡಿದ ಪ್ರತಿಯಲ್ಲಿ ಇರಲಿಲ್ಲ. ಕತ್ತರಿಸಿದ್ದಾರೆಯೇ?
— ಓದುಗರು, ಹಾಸನ

ಇಲ್ಲ. ಅದು 1581ರ ಘಟನೆ. ಚಿತ್ರದ ಕಥೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ರಷ್ಯಾದ ಕಲಾವಿದ ರೇಪಿನ್ 1885ರಲ್ಲಿ ಮುಗಿಸಿದ ವರ್ಣಚಿತ್ರ.

ಪ್ರಶ್ನೆ: ನಮ್ಮ ತುಘಲಕನಿಗೂ ಇವಾನನಿಗೂ ಹೋಲಿಕೆ ಇದೆಯಲ್ಲವೇ?
— ಹವ್ಯಾಸಿ ರಂಗನಟ, ಮೈಸೂರು

ಇಬ್ಬರೂ ರಾಜಧಾನಿ ಬಿಟ್ಟು ಹೊರಟವರು. ಕಾರ್ನಾಡರ ನಾಟಕ ಆಡಿದವರಿಗೆ ಇದು ಹೊಳೆಯುವುದು ಸಹಜ. ಆದರೆ ತುಘಲಕ ದೌಲತಾಬಾದಿಗೆ ಹೊರಟಾಗ ಜನರನ್ನೂ ಎಬ್ಬಿಸಿಕೊಂಡು ಹೋದ. ಇವಾನ 1564ರ ಡಿಸೆಂಬರಿನಲ್ಲಿ ಮಾಸ್ಕೋ ಬಿಟ್ಟು ಅಲೆಕ್ಸಾಂಡ್ರೊವ್ ಎಂಬ ಊರಿನಲ್ಲಿ ಕುಳಿತದ್ದು, ಜನರೇ ಬಂದು ಕಾಲಿಗೆ ಬೀಳಲಿ ಎಂದು. ಬಿದ್ದರು. ಮೊದಲ ಭಾಗದ ಕೊನೆಯಲ್ಲಿ ಹಿಮದ ಮೇಲೆ ಹಾವಿನಂತೆ ಬರುವ ಜನರ ಸಾಲು, ಅದರ ಮೇಲೆ ಬಾಗಿದ ಇವಾನನ ಮೂತಿ, ಗಡ್ಡ. ಮುನಿಸಿಕೊಂಡು ತವರಿಗೆ ಹೋದವರನ್ನು ಕರೆತರಲು ಊರೇ ಬಂದಂತೆ! ವಾಪಸು ಬಂದವನು ಕೇಳಿದ್ದು, ಯಾರನ್ನು ಬೇಕಾದರೂ ಶಿಕ್ಷಿಸುವ ಅಧಿಕಾರ. 1570ರಲ್ಲಿ ನವ್ಗೊರೊದ್ ನಗರದ ಜನ ಅದರ ಬೆಲೆ ತೆತ್ತರು.

ಪ್ರಶ್ನೆ: ಕಪ್ಪು ಬಿಳುಪು ಚಿತ್ರದ ನಡುವೆ ಬಣ್ಣ ಏಕೆ?
— ಓದುಗರು, ಉಡುಪಿ

ಸೋತ ಜರ್ಮನಿಯಿಂದ ವಶಪಡಿಸಿಕೊಂಡ ಆಗ್ಫಾ ಬಣ್ಣದ ಫಿಲ್ಮ್ ಸ್ವಲ್ಪ ಕೈಗೆ ಬಂದಿತ್ತು, ಔತಣದ ಕುಣಿತಕ್ಕೆ ಬಳಸಿದರು.

ನಮ್ಮ ಊರಿನ ಚಿತ್ರಸಮಾಜದಲ್ಲಿ ಇದನ್ನು ತೋರಿಸಿದಾಗ ಪ್ರೊಜೆಕ್ಟರ್ ಓಡಿಸುತ್ತಿದ್ದವನು ನಾನು. ಪರದೆ ಇದ್ದಕ್ಕಿದ್ದಂತೆ ಕೆಂಪಾದಾಗ ಬೇರೆ ಯಾವುದೋ ಚಿತ್ರದ ರೀಲು ಹಾಕಿದೆನೆಂದು ಗಾಬರಿಯಾಗಿ ಯಂತ್ರ ನಿಲ್ಲಿಸಿಬಿಟ್ಟೆ. ಕತ್ತಲಲ್ಲಿ ಎಲ್ಲರೂ ಬೈದರು. ಮತ್ತೆ ಹಾಕಿದೆ. ಅಂಗಿಗಳೆಲ್ಲ ಕೆಂಪು, ನಡುವೆ ಕುಡಿದ ಪೆದ್ದ ವ್ಲಾದಿಮಿರ್, ಇವಾನನ ಚಿಕ್ಕಪ್ಪನ ಮಗ. ಇವಾನ ನಗುನಗುತ್ತಲೇ ತನ್ನ ಉಡುಪನ್ನು ಅವನಿಗೆ ತೊಡಿಸಿ, ಕಿರೀಟವಿಟ್ಟು, ತನಗಾಗಿ ಕೊಲೆಗಾರ ಕಾದಿರುವ ಚರ್ಚಿನತ್ತ ಕಳಿಸುತ್ತಾನೆ. ದೊರೆ ಸತ್ತನೆಂದು ಕೇಕೆ ಹಾಕುತ್ತ ಬಂದವಳು ವ್ಲಾದಿಮಿರನ ತಾಯಿ, ಸಂಚು ಹೂಡಿದವಳೂ ಅವಳೇ. ಹೆಣ ಮಗುಚಿದರೆ ಮಗ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋಗುಳ ಹಾಡತೊಡಗುತ್ತಾಳೆ.

ಬುದ್ಧಿ ಕಳೆದುಕೊಂಡವರು ಈ ಚಿತ್ರದಲ್ಲಿ ಯಾರಾದರೂ ಇದ್ದರೆ ಆಕೆಯೇ, ತಂಗಿ. ಸಾಗರದ ಪ್ರಶ್ನೆಗೆ ಇದನ್ನೂ ಸೇರಿಸಿಕೊಳ್ಳಿ.