ಮಗಳ ನಾಡಿ ನಿಧಾನವಾಗಿದೆ, ಆಸ್ಪತ್ರೆಗೆ ಸೇರಿಸಬೇಕೇ?

ಪ್ರಶ್ನೆ: ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ಕೆಲವು ತಿಂಗಳಿಂದ ಅನ್ನವನ್ನು ಬಹುತೇಕ ಬಿಟ್ಟಿದ್ದಾಳೆ, ತಿಂದದ್ದನ್ನು ಗುಟ್ಟಾಗಿ ವಾಂತಿ ಮಾಡುತ್ತಾಳೆ, ಬೆಳಗ್ಗೆ ಎದ್ದು ಓಡುತ್ತಾಳೆ. ಮುಟ್ಟು ನಿಂತಿದೆ. ಹಗಲಿನಲ್ಲೇ ನಾಡಿ 44 ಇರುವುದನ್ನು ಕಂಡು ವೈದ್ಯರು ಕೂಡಲೇ ದಾಖಲಿಸಲು ಹೇಳಿದ್ದಾರೆ. ರಕ್ತಪರೀಕ್ಷೆ ಸರಿಯಿದೆ, ಓಟಗಾರರ ನಾಡಿ ಹೀಗೆಯೇ ಇರುತ್ತದೆ ಎಂದು ಅವಳು ವಾದಿಸುತ್ತಾಳೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯಲಿ ಎನ್ನುತ್ತಾರೆ ಮನೆಯವರು.

ಉತ್ತರ: ದಯವಿಟ್ಟು ಇಂದೇ ದಾಖಲಿಸಿ. ಹದಿಹರೆಯದವರಲ್ಲಿ ಆಹಾರ ಸೇವನೆಯ ಕಾಯಿಲೆ ಇದ್ದಾಗ ಹಗಲಿನ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಯ ನಿಗಾ ಬೇಕೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ನಿದ್ರೆಯಲ್ಲಿ ಅದು ಇನ್ನೂ ಇಳಿಯುತ್ತದೆ. ಅಭ್ಯಾಸದಿಂದ ಗಟ್ಟಿಯಾದ ಓಟಗಾರರ ಹೃದಯಕ್ಕೂ, ಹಸಿದ ದೇಹ ಶಕ್ತಿ ಉಳಿಸಲೆಂದು ನಿಧಾನಗೊಳಿಸಿದ ಹೃದಯಕ್ಕೂ ಹೋಲಿಕೆಯೇ ಇಲ್ಲ, ಏಕೆಂದರೆ ಎರಡನೆಯದರಲ್ಲಿ ಕೈಕಾಲಿನ ಮಾಂಸಖಂಡದಂತೆ ಹೃದಯದ ಸ್ನಾಯುವೂ ಕರಗಿ ತೆಳುವಾಗಿರುತ್ತದೆ.

ನನಗೆ ಹೆಚ್ಚು ಆತಂಕ ತಂದದ್ದು ವಾಂತಿಯ ಸಂಗತಿ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು, ಹೃದಯದ ಲಯ ಯಾವ ಮುನ್ಸೂಚನೆಯೂ ಇಲ್ಲದೆ ತಪ್ಪಬಹುದು. ಒಂದು ದಿನದ ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ವಾಂತಿಯ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡಿ. ಇಸಿಜಿ ಮಾಡಿಸಿ, ಮಲಗಿದಾಗ ಮತ್ತು ನಿಂತಾಗ ನಾಡಿ, ರಕ್ತದೊತ್ತಡ ಎಷ್ಟೆಂದು ನೋಡಲು ಕೇಳಿಕೊಳ್ಳಿ. ಅಲ್ಲಿಯವರೆಗೆ ಓಟ ಪೂರ್ತಿ ನಿಲ್ಲಲಿ. ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ಅಥವಾ ನೋವು ಬಂದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ.

ಮನೆಯಲ್ಲೇ ಚೆನ್ನಾಗಿ ಉಣಿಸಿ ಸರಿಪಡಿಸುತ್ತೇವೆ ಎಂಬ ಯೋಚನೆಯೂ ಈ ಹಂತದಲ್ಲಿ ಬೇಡ. ಬಹುಕಾಲ ಹಸಿದ ದೇಹಕ್ಕೆ ಆಹಾರ ಮರಳಿ ಸಿಕ್ಕಾಗ ರಕ್ತದ ಫಾಸ್ಫೇಟ್ ಏಕಾಏಕಿ ಇಳಿದು ಹೃದಯ ಸೋಲಬಹುದು. ಆದ್ದರಿಂದ ಮೊದಲ ದಿನಗಳ ಊಟ ವೈದ್ಯರ ಕಣ್ಣೆದುರಿಗೇ ಹೆಚ್ಚಬೇಕು. ಸಮಾಧಾನದ ಮಾತೆಂದರೆ, ತೂಕ ಮರಳಿದಂತೆ ಹೃದಯದ ಈ ಬದಲಾವಣೆಗಳಲ್ಲಿ ಹೆಚ್ಚಿನವು ಸರಿಹೋಗುತ್ತವೆ.

ಇದು ಹಠವಲ್ಲ, ಕಾಯಿಲೆ. ಬೈಯುವುದು, ತೂಕದ ಬಗ್ಗೆ ಮಾತಾಡುವುದು ನಿಲ್ಲಲಿ. "ನಿನ್ನ ಹೃದಯ ದಣಿದಿದೆ, ನಾನು ಜೊತೆಗಿರುತ್ತೇನೆ" ಎಂದಷ್ಟೇ ಹೇಳಿ ಕರೆದೊಯ್ಯಿರಿ. ಮಕ್ಕಳ ವೈದ್ಯರ ಜೊತೆಗೆ ಮನೋವೈದ್ಯರೂ ಬೇಕಾಗುತ್ತಾರೆ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಎಸ್‌ಎಸ್‌ಎಲ್‌ಸಿ ಬರೆಯಲು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ ಎಂಬುದನ್ನು ಮನೆಯ ಹಿರಿಯರಿಗೆ ನೀವೇ ದೃಢವಾಗಿ ತಿಳಿಸಿ.