ಮಗು ಬೇಕೆನ್ನಲು ಹಿಂಜರಿದ ಗಂಡ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉತ್ತರ ಕರ್ನಾಟಕದ ಪಟ್ಟಣವೊಂದರಲ್ಲಿ ವಿದ್ಯುತ್ ಮಗ್ಗ ನಡೆಸುವ, ಮೂವತ್ತೈದರ ಆಸುಪಾಸಿನ ಈ ವ್ಯಕ್ತಿ ಕೆಲವು ವರ್ಷಗಳಿಂದ, ನಾನು ಆಪ್ತಸಲಹೆಗಾರ್ತಿಯಾಗಿರುವ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಎಚ್‌ಐವಿ ಸೋಂಕು ಪತ್ತೆಯಾದದ್ದು ಮದುವೆಯ ಮರುವರ್ಷ. ಪತ್ನಿಗೆ ಆಗಲೇ ತಿಳಿಸಿದ್ದರು. ಆಕೆಯ ಪರೀಕ್ಷೆ ನೆಗೆಟಿವ್ ಬಂದಿತ್ತು. ಮಾತ್ರೆ ಒಯ್ಯಲು ಬಂದಾಗಲೆಲ್ಲ ಎರಡು ಮಾತಾಡಿ ಎದ್ದುಹೋಗುತ್ತಿದ್ದವರು, ಒಮ್ಮೆ ಬಾಗಿಲ ಬಳಿ ನಿಂತು, ‘ಮೇಡಂ, ನಮ್ಮಂಥವರು ಮಕ್ಕಳು ಬೇಕನ್ನೋದು ತಪ್ಪೇನ್ರಿ?’ ಎಂದು ಕೇಳಿದರು.

ಸೋಂಕಿತ ಗರ್ಭಿಣಿಯರ ಬಗ್ಗೆ ನಮ್ಮ ಕಾರ್ಯಕ್ರಮಗಳಲ್ಲಿ ವಿಶೇಷ ಗಮನವಿದೆ. ಗಂಡಸರನ್ನು ಮಾತ್ರ ಮಾತ್ರೆ ಮತ್ತು ನಿರೋಧ್‌ಗಳ ಬಗ್ಗೆ ಕೇಳಿ ಕಳುಹಿಸುತ್ತೇವೆ. ಮಕ್ಕಳ ಬಗೆಗಿನ ಈ ಮೌನವನ್ನೇ ಈ ವ್ಯಕ್ತಿ ನಿಷೇಧವೆಂದು ತಿಳಿದಿದ್ದರು. ಸೋಂಕಿತರಿಗೆ ಮದುವೆಯ ಹಕ್ಕೇ ಇಲ್ಲವೆಂದು ಕೋರ್ಟ್ ಹೇಳಿದೆಯೆಂದೂ ಯಾರಿಂದಲೋ ಕೇಳಿದ್ದರು. ಸುಪ್ರೀಂ ಕೋರ್ಟ್ 1998ರಲ್ಲಿ ಆ ಅರ್ಥದ ಮಾತು ಹೇಳಿದ್ದು ನಿಜ. ಆದರೆ ಆ ಪ್ರಕರಣಕ್ಕೆ ಅದರ ಅಗತ್ಯವಿರಲಿಲ್ಲವೆಂದು 2002ರಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಿತು ಎಂದು ವಿವರಿಸಿದೆ.

ಅವರ ಒಪ್ಪಿಗೆ ಪಡೆದು ಪತ್ನಿಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ. ಗಂಡನ ಆಸೆಗೆ ಆಕೆ ಸುಮ್ಮನೆ ತಲೆಯಾಡಿಸುತ್ತಿದ್ದಾರೆಯೇ ಎಂಬುದು ನನಗೆ ತಿಳಿಯಬೇಕಿತ್ತು. ಮಗು ತನಗೂ ಬೇಕು ಎಂದ ಆಕೆ, ಅತ್ತೆ ತನ್ನನ್ನು ಬಂಜೆಯೆಂದು ಆಡಿಕೊಂಡು ಹರಕೆ, ನಾಟಿ ಔಷಧಿಗಳಿಗೆ ಓಡಾಡಿಸುತ್ತಿರುವುದನ್ನೂ, ಗಂಡನ ಗುಟ್ಟು ಹೊರಬೀಳದಿರಲೆಂದು ತಾನು ಬಾಯಿ ಮುಚ್ಚಿಕೊಂಡಿರುವುದನ್ನೂ ಹೇಳಿದರು. ಈ ಪ್ರಕರಣದಲ್ಲಿ ಹೆಚ್ಚು ಭಾರ ಹೊತ್ತವರು ಸೋಂಕಿಲ್ಲದ ಈ ಹೆಣ್ಣುಮಗಳೇ ಎಂದು ನನಗನ್ನಿಸಿತು.

ವೈದ್ಯಕೀಯ ವಿಷಯವನ್ನು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ತಂದೆಯ ಸೋಂಕು ಮಗುವಿಗೆ ನೇರವಾಗಿ ದಾಟುವುದಿಲ್ಲ. ತಾಯಿಗೆ ತಗುಲಿದರೆ ಮಾತ್ರ ಅವಳ ಮೂಲಕ ಮಗುವಿಗೆ ಅಪಾಯ. ಆದ್ದರಿಂದ ಎಲ್ಲವೂ ಪತ್ನಿಯನ್ನು ಕಾಪಾಡುವುದರ ಮೇಲೆ ನಿಂತಿದೆ. ಯುರೋಪಿನ 14 ದೇಶಗಳಲ್ಲಿ, ಒಬ್ಬರಿಗೆ ಮಾತ್ರ ಸೋಂಕಿದ್ದ 888 ಜೋಡಿಗಳನ್ನು ಗಮನಿಸಿದ ಪಾರ್ಟ್‌ನರ್ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು: ಸೋಂಕಿತರ ವೈರಸ್ ಪ್ರಮಾಣ ಚಿಕಿತ್ಸೆಯಿಂದ ತಗ್ಗಿದ್ದಾಗ, ನಿರೋಧ್ ಇಲ್ಲದ ಸುಮಾರು 58,000 ಸಂಭೋಗಗಳಲ್ಲಿ ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ದಾಟಿರಲಿಲ್ಲ. ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು ಗರ್ಭಕ್ಕೆ ಸೇರಿಸುವ ದುಬಾರಿ ವಿಧಾನ ಇಂಥ ದಂಪತಿಗೆ ಈಗ ಅನಿವಾರ್ಯವಲ್ಲ.

ಇಷ್ಟು ಕೇಳಿ ಅವರ ಮುಖ ಅರಳಿತು. ಆದರೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ವರದಿ ಬಂದಾಗ ಅದು ಮಿಲಿಲೀಟರಿಗೆ 1,000 ಪ್ರತಿಗಳ ಮಿತಿಯನ್ನು ದಾಟಿತ್ತು. ಕೆದಕಿ ಕೇಳಿದಾಗ, ನೆಂಟರು ತುಂಬಿದ ಮನೆಯಲ್ಲಿ, ಜಾತ್ರೆ, ಮದುವೆಗಳ ದಿನಗಳಲ್ಲಿ, ತಾಯಿಯ ಕಣ್ಣಿಗೆ ಬೀಳದಿರಲೆಂದು ಮಾತ್ರೆ ಬಿಡುತ್ತಿದ್ದುದು ತಿಳಿಯಿತು. ತಂದೆತನಕ್ಕೆ ಅಡ್ಡಬಂದದ್ದು ರೋಗಕ್ಕಿಂತ ಅದನ್ನು ಮುಚ್ಚಿಡುವ ಪಾಡು. ಮಾತ್ರೆಯ ಸಮಯವನ್ನು ಮಗ್ಗದ ಪಾಳಿಗೆ ಹೊಂದಿಸಿ, ಕೆಲವು ಮಾತ್ರೆಗಳನ್ನು ಕೆಲಸದ ಜಾಗದಲ್ಲೇ ಇಟ್ಟುಕೊಳ್ಳಲು ಹೇಳಿದೆ. ‘ಇನ್ನು ಒಂದೂ ತಪ್ಪಲ್ರಿ’ ಎಂದರು. ಸೋಂಕಿತ ಗಂಡಸಿನ ಈ ಆಸೆಯನ್ನು ಸ್ವಾರ್ಥವೆಂದು ಕಾಣುವ ಸಹೋದ್ಯೋಗಿಗಳಿದ್ದಾರೆ. ನಾನು ಕಂಡಂತೆ ಮಾತ್ರೆ ಬಿಡದಿರಲು ಇದಕ್ಕಿಂತ ಗಟ್ಟಿ ಕಾರಣ ಮತ್ತೊಂದಿಲ್ಲ. ಮೂರು ತಿಂಗಳ ಬಳಿಕದ ವರದಿಯಲ್ಲಿ ವೈರಸ್ ಪತ್ತೆಯಾಗಲಿಲ್ಲ.

ಆದರೂ ಆತುರಪಡದೆ, ಆರು ತಿಂಗಳು ಬಿಟ್ಟು ಇನ್ನೊಂದು ವರದಿಯೂ ಹಾಗೇ ಬರುವವರೆಗೆ ನಿರೋಧ್ ಮುಂದುವರಿಸಬೇಕೆಂದೂ, ಅಷ್ಟರಲ್ಲಿ ಇಬ್ಬರೂ ಲೈಂಗಿಕ ಸೋಂಕುಗಳ ತಪಾಸಣೆಯನ್ನೂ ಅವರು ವೀರ್ಯಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕೆಂದೂ ಸಲಹೆ ನೀಡಿದೆ. ಆಮೇಲೆ ಗರ್ಭ ನಿಲ್ಲುವ ಸಂಭವ ಹೆಚ್ಚಿರುವ ದಿನಗಳಲ್ಲಿ ಮಾತ್ರ, ಅಂದರೆ 28 ದಿನಗಳ ಋತುಚಕ್ರದಲ್ಲಿ ಸುಮಾರು 10ರಿಂದ 16ನೆಯ ದಿನದವರೆಗೆ, ನಿರೋಧ್ ಬಿಡಬಹುದು. ಭಯ ಉಳಿದರೆ ಪತ್ನಿಯೂ ಮುಂಜಾಗ್ರತೆಯ ಪ್ರೆಪ್ ಮಾತ್ರೆ ತೆಗೆದುಕೊಳ್ಳಬಹುದು. ಅದನ್ನು ವೈದ್ಯರೊಡನೆ ಚರ್ಚಿಸಲು ತಿಳಿಸಿದೆ. ಗರ್ಭ ನಿಂತರೆ ಆಕೆಗೆ ಆಗಾಗ ಎಚ್‌ಐವಿ ಪರೀಕ್ಷೆ ಆಗಬೇಕು.

ಪತ್ನಿ ಒಂದೇ ಷರತ್ತು ಹಾಕಿದರು: ಕುಂದು ಸೊಸೆಯದಲ್ಲವೆಂದು ಅತ್ತೆಗೆ ತಿಳಿಯಬೇಕು. ರೋಗದ ಹೆಸರು ಹೇಳುವುದೂ ಬಿಡುವುದೂ ಗಂಡನ ಹಕ್ಕು. 2017ರ ಎಚ್‌ಐವಿ ಕಾಯ್ದೆ ಆ ಗೌಪ್ಯತೆಯನ್ನು ಕಾಯುತ್ತದೆ. ಆದರೆ ಆ ಹಕ್ಕಿನ ಬೆಲೆಯನ್ನು ಹೆಂಡತಿ ತೆರಬಾರದೆಂದು ನಾನು ಒತ್ತಿ ಹೇಳಿದೆ. ‘ತೊಂದರೆ ನನ್ನದವ್ವ, ಔಷಧ ನಡದೈತಿ’ ಎಂದು ತಾಯಿಗೆ ಅವರೇ ಹೇಳಿದರು. ಹರಕೆಯ ಓಡಾಟ ನಿಂತಿದೆ. ಎರಡನೆಯ ವರದಿಯ ನಂತರ ಇಬ್ಬರೂ ಒಟ್ಟಿಗೆ ಬರುವುದೆಂದು ನಿಗದಿಯಾಗಿದೆ.